ಹಳೇ ಬೆಂಝ್ ಲಾರಿ ಗೇರ್ ಕರ್ರ್ ಅಂದ್ರ ಬಾಕ್ಸ್ ಇಳಸೂಕಿಂತ ಮೊದ್ಲ ಇಷ್ಟ್ ನೋಡ್ರಿ

ಗೇರ್ ಹಾಕುವಾಗ ಕರ್ರ್ ಅಂತ ಸಪ್ಪಳ ಬಂತಂದ್ರ ನಮ್ ಕಲಬುರಗಿ ಕಡಿ ಎಲ್ಲರ ಬಾಯಾಗ ಬರೋ ಮೊದಲ್ನೇ ಮಾತು, ಗೇರ್ ಬಾಕ್ಸ್ ಹೋಗ್ಯಾದ, ಇಳಸ್ರಿ. ನಮ್ ಗಾಡಿಗೂ ಒಬ್ರು ಮಿಸ್ತ್ರಿ ಹಿಂಗೇ ಅಂದ್ರು, ಪೂರಾ ಬಾಕ್ಸೇ ಬದಲಿ ಮಾಡ್ರಿ ಅಂತ ರೇಟೂ ಹೇಳಿಬಿಟ್ರು, ಆದ್ರ ಖರೆ ತಪ್ಪು ಬಾಕ್ಸಿನ ಹೊರಗ ಇತ್ತು, ಬಾಕ್ಸಿನ ಒಳಗ ಇದ್ದದ್ದು ಒಂದೇ ಒಂದು ಹಿತ್ತಾಳಿ ರಿಂಗಿನ ತಪ್ಪು. ಅದನ್ನ ಹುಡುಕ್ಲಾಕ ನಮಗ ಮೂರು ವಾರ ಹಿಡೀತು. ನಿಮಗ ಅಷ್ಟು ಹಿಡೀಬಾರದು ಅಂತ ಇದನ್ನ ಬರಿಲಾಕತ್ತೀನಿ.

ಗಾಡಿ 1210, ಮುಂದ ಮೂತಿ ಇರೋದು. ಟಾಟಾದವರು ಡೈಮ್ಲರ್-ಬೆಂಝ್ ಜೋಡಿ ಒಪ್ಪಂದ ಮಾಡ್ಕೊಂಡು 1954ರಿಂದ 1969ರ ತನಕ ಲಾರಿ ಮಾಡಿದ್ರಲ್ಲ, ಆ ಮನೆತನದ ಗಾಡಿ ಇದು, ಅದಕ್ಕೇ ನಮ್ ಕಡಿ ಹಿರ್ಯಾರು ಇವತ್ತಿಗೂ ಟಾಟಾ ಅನ್ನಲ್ಲ, ಬೆಂಝ್ ಅಂತಾರ. 1210ರಾಗ 12 ಅಂದ್ರ ಲೋಡ್ ಸಮೇತ 12 ಟನ್, 10 ಅಂದ್ರ 100 ಎಚ್‌ಪಿ ಆಸುಪಾಸು. ಅಪ್ಪ ಇದರ ಮ್ಯಾಗ ಶಹಾಬಾದಿನಿಂದ ಫರಸಿ ಕಲ್ಲು ಹೇರಿ ಹುಮನಾಬಾದ್ ತನಕ ಒಯ್ತಿದ್ದ, ಸುಗ್ಗಿ ಟೈಮಿಗೆ ಚಿತ್ತಾಪುರ ಕಡಿಯಿಂದ ತೊಗರಿ ಹೇರ್ಕೊಂಡು ಕಲಬುರಗಿ ಗಂಜ್ ಮಾರ್ಕೆಟ್ಟಿಗೆ ಬರ್ತಿದ್ದ. ಆಮ್ಯಾಲೆ ಅಪ್ಪಗ ಮೊಣಕಾಲು ನೋವು ಶುರುವಾಗಿ ಗಾಡಿ ಆರು ವರ್ಷ ಹೊಲದಾಗಿನ ಪತ್ರಾ ಶೆಡ್ಡಿನ್ಯಾಗ ನಿಂತೇ ಬಿಡ್ತು. ಹೊರಗ ತೆಗ್ದಾಗ ಇಂಜಿನ್ ಎರಡು ದಿನದಾಗ ಶುರುವಾಯ್ತು, ಆದ್ರ ಗೇರ್ ಒಂದೂ ಸುಮ್ನ ಬೀಳ್ಲಿಲ್ಲ. ರಿವರ್ಸ್ ಅಂತೂ ಕಲ್ಲು ಒಡೆಯೋ ಮಶೀನ್ ಸಪ್ಪಳ.

ಸಪ್ಪಳ ಯಾವಾಗ ಬರ್ತದ, ಮೊದ್ಲ ಅದನ್ನ ಬರಕೋರಿ

ಪಾನಾ ಕೈಯಾಗ ಹಿಡೀಬ್ಯಾಡ್ರಿ. ಒಂದು ನೋಟ್‌ಬುಕ್ ಪೆನ್ನು ತಗೋರಿ, ಗಾಡಿ ಹೊಡೆಯವ್ರ ಬಾಜು ಒಬ್ರು ಕೂಡ್ರಿ. ಗಾಡಿ ನಿಂತಾಗ ಗೇರ್ ಹಾಕಿದ್ರ ಕರ್ರ್ ಅಂತದೋ, ಓಡುವಾಗ ಬದಲಿ ಮಾಡಿದ್ರ ಅಂತದೋ? ಎಲ್ಲಾ ಗೇರಿಗೂ ಅಂತದೋ ಒಂದಕ್ಕೇ ಅಂತದೋ? ಏರಿಸುವಾಗೋ ಇಳಸುವಾಗೋ? ಮುಂಜಾನಿ ಥಂಡಿ ಇದ್ದಾಗೋ, ಒಂದು ತಾಸು ಓಡಿ ಬಿಸಿ ಆದಮ್ಯಾಲೋ? ಅರ್ಧ ಉತ್ತರ ಇದರಾಗೇ ಅದ.

ಎಲ್ಲಾ ಗೇರಿಗೂ ಕರ್ರ್ ಅಂದು, ಅದರಾಗೂ ನಿಂತಲ್ಲಿ ಫಸ್ಟು ರಿವರ್ಸಿಗೆ ಜೋರಾಗಿ ಅಂದ್ರ ಅದು ಬಹುತೇಕ ಕ್ಲಚ್ಚಿನ ತಕರಾರು, ಬಾಕ್ಸಿಂದಲ್ಲ. ಒಂದೇ ಗೇರಿಗೆ, ಓಡುವಾಗ ಮಾತ್ರ ಅಂದ್ರ ಆ ಗೇರಿನ ಸಿಂಕ್ರೋ ರಿಂಗ್ (ಗೇರ್ ಬೀಳೂಕಿಂತ ಮೊದ್ಲ ಎರಡೂ ಕಡಿ ಸ್ಪೀಡ್ ಕೂಡ್ಸೋ ಹಿತ್ತಾಳಿ ರಿಂಗ್) ಇಲ್ಲಾ ಹಲ್ಲಿನ ತಕರಾರು. ಗೇರ್ ಬಿದ್ದಮ್ಯಾಲೆ ತಾನೇ ನ್ಯೂಟ್ರಲ್‌ಗೆ ಜಾರ್ತದ ಅಂದ್ರ ಮ್ಯಾಗಿನ ಕವರ್‌ನಾಗಿನ ಗೋಲಿ ಸ್ಪ್ರಿಂಗ್, ಗೇರ್ ಸರಿಸೋ ಫೋರ್ಕ್ ಕಡಿ ನೋಡ್ಬೇಕು. ಗೇರ್ ಬದಲಿ ಮಾಡದೇ ಇದ್ರೂ ನ್ಯೂಟ್ರಲ್‌ನಾಗೇ ಗುಂಯ್ ಅಂತಿದ್ದು ಕ್ಲಚ್ ಒತ್ತಿದಕೂಡ್ಲೇ ನಿಂತ್ರ ಬಾಕ್ಸಿನ ಬೇರಿಂಗ್. ಉಲ್ಟಾ, ಕ್ಲಚ್ ಒತ್ತಿದಾಗ ಸಪ್ಪಳ ಶುರುವಾದ್ರ ರಿಲೀಜ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಸೋದು) ಇಲ್ಲಾ ಪೈಲಟ್ ಬೇರಿಂಗ್ (ಇದರ ಸುದ್ದಿ ಮುಂದ ಬರ್ತದ).

ಇನ್ನೊಂದು ಮಾತು ಇಲ್ಲೇ ಹೇಳ್ಬೇಕು. ನಿಮ್ಮ ಗಾಡಿಯೊಳಗ ಯಾವ ಬಾಕ್ಸ್ ಕೂತದ ಅನ್ನೋದು ಕಣ್ಣಾರೆ ನೋಡಿ ಖಾತ್ರಿ ಮಾಡ್ಕೋರಿ, ಯಾಕಂದ್ರ ಇಷ್ಟ್ ಹಳೇ ಗಾಡಿಗಳಿಗೆ ಬಾಕ್ಸ್ ಒಂದೆರಡ್ ಸಲ ಬದಲಿ ಆಗಿರ್ತದ, ಆರ್‌ಸಿ ಬುಕ್ಕಿನ ವರ್ಷಕ್ಕೂ ಬಾಕ್ಸಿನ ವಯಸ್ಸಿಗೂ ಸಂಬಂಧ ಇರಲ್ಲ. ನಮ್ದಕ್ಕೂ ಅಪ್ಪ ಒಂದು ಗುಜರಿ ಗಾಡಿಂದ ತೆಗ್ದ ಸಿಂಕ್ರೋ ಬಾಕ್ಸ್ ಕೂರ್ಸಿದ್ದ. ಸಿಂಕ್ರೋ ಇಲ್ಲದ ಹಳೇ ಬಾಕ್ಸ್ ಇದ್ದು, ಹೊಡೆಯೋ ಹುಡುಗ ಈಗಿನ ಪಿಕಪ್ ಹೊಡೆದು ಕಲ್ತವ ಇದ್ರ, ಗೇರ್ ಕರ್ರ್ ಅನ್ನೋದು ರಿಪೇರಿ ಮಾಡೋ ವಿಷಯನೇ ಅಲ್ಲ, ಡಬಲ್ ಕ್ಲಚ್ ಕಲೀಬೇಕು. ಏರಿಸುವಾಗ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಹೊಳ್ಳಿ ಒತ್ತಿ ಮುಂದಿನ ಗೇರ್. ಇಳಸುವಾಗ ನ್ಯೂಟ್ರಲ್‌ನಾಗ ಕ್ಲಚ್ ಬಿಟ್ಟು ಒಂದ್ ಸಲ ರೇಸ್ ಕೊಟ್ಟು, ಆಮ್ಯಾಲೆ ಒತ್ತಿ ಕೆಳಗಿನ ಗೇರ್. ಆ ರೇಸ್ ಯಾಕಂದ್ರ ಕೆಳಗಿನ ಗೇರಿನ್ಯಾಗ ಒಳಗಿನ ಶಾಫ್ಟ್ ಇನ್ನೂ ಜೋರಾಗಿ ತಿರಗಬೇಕು, ಇಲ್ಲಂದ್ರ ಎರಡೂ ಹಲ್ಲು ಒಂದೇ ಸ್ಪೀಡಿಗೆ ಬರಲ್ಲ. ಸಿಂಕ್ರೋ ಬಾಕ್ಸ್ ಇದ್ರೂ ರಿವರ್ಸಿಗೆ, ಭಾಳ ಬಾಕ್ಸಿನ್ಯಾಗ ಫಸ್ಟಿಗೂ, ಸಿಂಕ್ರೋ ಇರಲ್ಲ, ಗಾಡಿ ಪೂರ್ತಿ ನಿಂತಮ್ಯಾಲೇ ಹಾಕ್ಬೇಕು. ನಮ್ ಎರಿ ಹೊಲದಾಗ ಮಳಿಗಾಲಕ್ಕ ಗಾಡಿ ಹೂತ್ರ ಫಸ್ಟ್ ರಿವರ್ಸ್ ಫಸ್ಟ್ ರಿವರ್ಸ್ ಅಂತ ತೂಗಾಡ್ಸಿ ತೆಗೀತಾರಲ್ಲ, ಅದರಾಗ ಗಾಲಿ ಇನ್ನೂ ತಿರಗ್ತಿರುವಾಗೇ ಗೇರ್ ಬೀಳ್ತದ, ಈ ಎರಡು ಗೇರಿನ ಹಲ್ಲು ತಿನ್ನೋದೇ ಅದು.

ಹತ್ತು ಎಣಿಸೋ ಪರೀಕ್ಷೆ

ಇದನ್ನ ನನಗ ಹೇಳಿಕೊಟ್ಟವರು ಹುಮನಾಬಾದ್ ರೋಡಿಗಿರೋ ಒಬ್ರು ಚಾಚಾ, ಎಪ್ಪತ್ತರ ಮ್ಯಾಗ ವಯಸ್ಸು, ಈಗ ಗ್ಯಾರೇಜ್ ಮಗನ ಕೈಯಾಗ ಅದ, ಅವರು ಬಾಗಿಲ ಬಲ್ಲಿ ಕುರ್ಚಿ ಹಾಕ್ಕೊಂಡು ಕೂಡ್ತಾರ. ನಾ ಬಾಕ್ಸ್ ಇಳಸ್ಲಾಕ ಬಂದೀನಿ ಅಂದಕೂಡ್ಲೇ, "ತಮ್ಮಾ, ಕ್ಲಚ್ ಒತ್ತಿ ಹತ್ತು ಎಣಿಸಿ ನೋಡಿದ್ಯಾ?" ಅಂದ್ರು. ನೋಡಿದ್ದಿಲ್ಲ.

ಗಾಡಿ ಸಪಾಟ ಜಾಗಾದಾಗ ನಿಲ್ಲಿಸಿ, ಗಾಲಿಗೆ ಹಿಂದ ಮುಂದ ಕಲ್ಲಿಟ್ಟು, ಗಾಡಿ ಮುಂದ ಹಿಂದ ಯಾರೂ ಇಲ್ಲದಂಗ ನೋಡ್ಕೊಂಡು, ಇಂಜಿನ್ ಚಾಲೂ ಮಾಡಿ ಐಡಲ್ ಬಿಡ್ರಿ. ನ್ಯೂಟ್ರಲ್. ಕ್ಲಚ್ ತಳಕ್ಕ ಒತ್ತಿ ಸಾವಕಾಶ ಹತ್ತು ಎಣಿಸಿ ರಿವರ್ಸ್ ಹಾಕ್ರಿ. ಕ್ಲಚ್ ಪೂರ್ತಿ ಕಟ್ ಆಗಿ ಇಂಜಿನ್ನಿಂದ ಬಾಕ್ಸನ್ನ ಬ್ಯಾರೆ ಮಾಡ್ತಿದ್ರ ಆ ಹತ್ತು ಎಣಿಸೋದ್ರಾಗ ಕ್ಲಚ್ಚಿನಿಂದ ಬಾಕ್ಸಿನೊಳಗ ಹೋಗೋ ಇನ್‌ಪುಟ್ ಶಾಫ್ಟು, ಅದರ ಜೋಡಿ ಕೆಳಗಿನ ಲೇ ಶಾಫ್ಟು ತಾವೇ ನಿಂತಿರ್ತಾವ, ಗೇರ್ ಸುಮ್ನ ಬೀಳ್ತದ. ಹತ್ತು ಎಣಿಸಿದ್ರೂ ಕರ್ರ್ ಅಂತು ಅಂದ್ರ ಇಂಜಿನ್ ಇನ್ನಾ ಆ ಶಾಫ್ಟನ್ನ ತಿರಗಿಸ್ಲಾಕತ್ತದ. ಕ್ಲಚ್ ಪೂರ್ತಿ ಕಟ್ ಆಗ್ತಿಲ್ಲ. ಹಿಂಗಿದ್ದಾಗ ಹೊಸಾ ಬಾಕ್ಸ್ ತಂದು ಕೂರ್ಸಿದ್ರೂ ಅದೇ ಸಪ್ಪಳ ಬರ್ತದ, ಹೊಸಾ ಬಾಕ್ಸಿನ ಹಲ್ಲೂ ತಿಂಗಳೊಪ್ಪತ್ತಿನ್ಯಾಗ ಹೋಗ್ತಾವ. ಜೋಡಿ ಐಡಲ್ಲೂ ನೋಡ್ರಿ, ಐಡಲ್ ಜಾಸ್ತಿ ಏರ್ಸಿ ಇಟ್ಟಿದ್ರ ಅದರಿಂದನೂ ನಿಂತಲ್ಲಿ ಗೇರ್ ಬೀಳೂದು ಕಷ್ಟ ಆಗ್ತದ, ಅದು ಐದು ನಿಮಿಷದ ಕೆಲಸ.

ನಮ್ದು ಹತ್ತಲ್ಲ, ಇಪ್ಪತ್ತು ಎಣಿಸಿದ್ರೂ ಕರ್ರ್. ಚಾಚಾ ಎದ್ದು ಬಂದು ಕ್ಲಚ್ ಪೆಡಲ್ ಕೈಲೇ ಒತ್ತಿ ನೋಡಿದ್ರು, ಬಾಕ್ಸ್ ಕಡಿ ನೋಡ್ಲೇ ಇಲ್ಲ.

ಪೆಡಲಿನಿಂದ ಪ್ಲೇಟಿನ ತನಕ

ಹಳೇ ಗಾಡಿಯಾಗ ಪೆಡಲಿಗೂ ಕ್ಲಚ್ಚಿಗೂ ನಡುವ ಎಣ್ಣಿ ಪೈಪ್ ಇರಲ್ಲ, ರಾಡು, ಪಿನ್ನು, ಲಿವರು, ಬುಶ್ಶು ಇಷ್ಟೇ. ಪೆಡಲ್ ಕೈಲೇ ಒತ್ತಿದ್ರ ಶುರುವಿನ್ಯಾಗ ಸುಮ್ನ ಹೋಗ್ತದ, ಆಮ್ಯಾಲೆ ಗಟ್ಟಿ ಆಗ್ತದ, ಆ ಸುಮ್ನ ಹೋಗೋದೇ ಫ್ರೀ ಪ್ಲೇ. ಸ್ಕೇಲ್ ಇಟ್ಟು ಅಳೀರಿ. ನಿಮ್ಮ ಗಾಡಿ ಮ್ಯಾನ್ಯುಯಲ್‌ನಾಗ ಎಷ್ಟ್ ಬರದದ ಅಷ್ಟೇ ಇಡಬೇಕು, ನಮ್ದಕ್ಕ 30 ಎಂಎಂ ಆಸುಪಾಸು ಇಟ್ಟೀವಿ. ಅಳೆದಾಗ 70 ಎಂಎಂ ಇತ್ತು! ಅಂದ್ರ ಕಾಲು ತಳಕ್ಕ ಮುಟ್ಟಿದ್ರೂ ಕ್ಲಚ್ಚಿಗೆ ಅರ್ಧನೇ ಸುದ್ದಿ ಮುಟ್ತಿತ್ತು. ಫ್ರೀ ಪ್ಲೇ ಭಾಳ ಕಡಿಮಿ ಇದ್ರ ಉಲ್ಟಾ, ರಿಲೀಜ್ ಬೇರಿಂಗ್ ಸದಾ ಒತ್ಕೊಂಡೇ ಇದ್ದು ಕ್ಲಚ್ ಸ್ಲಿಪ್ ಆಗ್ತದ, ಪ್ಲೇಟ್ ಸುಡ್ತದ, ಅದಕ್ಕ ಜರಾ ಕಡಿಮಿ ಇದ್ರ ಛಲೋ ಅಂತ ಪೂರಾ ಟೈಟ್ ಮಾಡಬ್ಯಾಡ್ರಿ.

ಸುಮ್ನ ರಾಡ್ ನಟ್ಟು ತಿರುವಿ 30ಕ್ಕ ತಂದು ಬಿಡೋದಲ್ಲ ಮತ್ತ. 70 ಯಾಕ ಆಯ್ತು ಅಂತ ನೋಡ್ಬೇಕು. ಕೆಳಗ ಮಕ್ಕೊಂಡು ಟಾರ್ಚ್ ಬಿಟ್ಟು ನೋಡಿದ್ರ ಪಿನ್ನು ಅರ್ಧ ತಿಂದು ನಡುವ ಸೊರಗಿತ್ತು, ಪಿನ್ನಿನ ತೂತು ಗುಂಡಗ ಇರೋದು ತತ್ತಿ ಆಕಾರ ಆಗಿತ್ತು, ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರೋ ಗೂಡು) ಒಳಗ ಅಡ್ಡ ಹೋಗೋ ಶಾಫ್ಟಿನ ಬುಶ್ ಎರಡೂ ಕಡಿ ಅಲ್ಲಾಡ್ತಿದ್ವು. ಕಲ್ಲಿನ ಖಣಿ ಒಳಗ ತಿರುಗಾಡಿದ ಗಾಡಿ, ಫರಸಿ ಪುಡಿ ಗ್ರೀಸಿನ ಜೋಡಿ ಕೂಡಿ ಬುಶ್ಶನ್ನ ಸಾಣಿ ಹಿಡಿದಂಗ ತಿಂದಿತ್ತು. ಹೊಸ ಪಿನ್ ಹಾಕಿ, ಲೇತ್‌ನವರ ಕಡಿಂದ ತೂತು ದೊಡ್ಡದು ಮಾಡ್ಸಿ ಒಳಗ ಬುಶ್ ಒತ್ಸಿ, ಆಮ್ಯಾಲೆ ಅಡ್ಜಸ್ಟ್ ಮಾಡಿದ್ವಿ.

ಹತ್ತು ಎಣಿಸಿ ಹೊಳ್ಳಿ ನೋಡಿದ್ವಿ. ಸಪ್ಪಳ ಅರ್ಧ ಕಡಿಮಿ ಆಯ್ತು, ಪೂರ್ತಿ ಹೋಗ್ಲಿಲ್ಲ. ಇಲ್ಲಿ ಭಾಳ ಮಂದಿ ಬಿಟ್ಟು ಬಿಡ್ತಾರ, ನಡೀತದ ಬಿಡು ಅಂತ. ಅರ್ಧ ಹೋಗ್ಯಾದ ಅಂದ್ರ ಎರಡು ತಪ್ಪು ಅದಾವ, ಒಂದು ಸಿಕ್ಕದ, ಇನ್ನೊಂದು ಇನ್ನಾ ಒಳಗದ.

ಈಗ ಬೆಲ್ ಹೌಸಿಂಗಿನ ಕೆಳಗಿನ ಸಣ್ಣ ಪತ್ರಾ ಕವರ್ ಬಿಚ್ಚಿ ಒಳಗ ನೋಡ್ಬೇಕು. ಇಂಜಿನ್ ಬಂದ್, ಚಾವಿ ನಿಮ್ಮ ಕಿಸೆದಾಗ, ಬ್ಯಾಟರಿ ವೈರ್ ತೆಗ್ದು. ಇದನ್ನ ಯಾರೂ ಹಗುರ ತಗೋಬ್ಯಾಡ್ರಿ, ಆ ತೂತಿನ್ಯಾಗ ಕೈ ಇದ್ದಾಗ ಯಾರಾದ್ರೂ ಸೆಲ್ಫ್ ಹೊಡೆದ್ರ ಬೆರಳು ಉಳಿಯಲ್ಲ. ನ್ಯೂಟ್ರಲ್‌ನಾಗ ಒಬ್ರು ಕ್ಲಚ್ ಒತ್ತಿ ಹಿಡೀರಿ, ಕೆಳಗಿನವರು ಕ್ಲಚ್ ಪ್ಲೇಟನ್ನ ಸ್ಕ್ರೂಡ್ರೈವರ್ ತುದಿಲೇ ಮೆಲ್ಲಕ ತಿರುಗಿಸಿ ನೋಡ್ರಿ. ಫ್ಲೈವೀಲಿನ (ಇಂಜಿನ್ ತುದಿಗಿರೋ ವಜ್ಜಿ ಚಕ್ರ) ಕಡಿನೂ ಪ್ರೆಶರ್ ಪ್ಲೇಟ್ (ಕ್ಲಚ್ ಪ್ಲೇಟನ್ನ ಫ್ಲೈವೀಲಿಗೆ ಒತ್ತಿ ಹಿಡಿಯೋದು) ಕಡಿನೂ ಜರಾ ಸಂದು ಕಾಣಬೇಕು, ಫೀಲರ್ ಗೇಜ್ (ಸಂದು ಅಳಿಯೋ ತೆಳು ಪಟ್ಟಿ) ಸುತ್ತಲೂ ಹೋಗಬೇಕು. ಒಂದು ಕಡಿ ಹೋಗಿ ಇನ್ನೊಂದು ಕಡಿ ಹೋಗದಿದ್ರ ಪ್ಲೇಟ್ ಡೊಂಕಾಗ್ಯಾದ ಇಲ್ಲಾ ಪ್ರೆಶರ್ ಪ್ಲೇಟಿನ ಲಿವರ್‌ಗಳು ಒಂದೇ ಎತ್ತರಕ್ಕ ಇಲ್ಲ. ಎಲ್ಲಾ ಕಡಿ ಅಂಟಿದ್ರ ತುಕ್ಕಿಗೆ ಹಿಡ್ಕೊಂಡದ, ಭಾಳ ದಿನ ನಿಂತ ಗಾಡಿಗೆ ಇದು ಸಾಮಾನ್ಯ, ಮಳಿಗಾಲದ ತೇವಕ್ಕ ಪ್ಲೇಟಿನ ಲೈನಿಂಗ್ ಫ್ಲೈವೀಲಿಗೆ ಹತ್ಕೊಂಡುಬಿಡ್ತದ. ಕೆಲವ್ರು ಇದಕ್ಕ ಗೇರಿನ್ಯಾಗ ಹಾಕಿ ಕ್ಲಚ್ ಒತ್ತಿ ಸೆಲ್ಫ್ ಹೊಡೆದು ಝಟಕಾ ಕೊಟ್ಟು ಬಿಡಸ್ತಾರ. ಗಾಡಿ ಜಿಗಿದು ಹೋಗ್ತದ, ನಾ ಅದನ್ನ ಮಾಡ್ರಿ ಅಂತ ಹೇಳಲ್ಲ.

ನಮ್ ಪ್ಲೇಟ್ ಎರಡೂ ಕಡಿ ಬಿಟ್ಟಿತ್ತು, ಕೈಲೇ ತಿರಗ್ತಿತ್ತು ಸೈತ, ಆದ್ರ ತಿರಗಿಸುವಾಗ ಗರ ಗರ ಅಂತ ಬಿಗಿ. ಪ್ಲೇಟ್ ಬಿಟ್ಟದ, ಆದ್ರೂ ಶಾಫ್ಟ್ ನಿಲ್ಲಲ್ಲ. ಚಾಚಾ ಅಂದ್ರು, "ಅಂದ್ರ ಇಂಜಿನ್ ಬ್ಯಾರೆ ದಾರಿಲೆ ಅದನ್ನ ಎಳಿಲಾಕತ್ತದ, ಪೈಲಟ್ ನೋಡು."

ಪೈಲಟ್ ಬೇರಿಂಗ್ ಸಣ್ಣ ಸಾಮಾನ. ಫ್ಲೈವೀಲಿನ ನಟ್ಟನಡುವ, ಕ್ರ್ಯಾಂಕ್ ಶಾಫ್ಟಿನ ತುದಿಗೆ ಕೂತಿರ್ತದ, ಇನ್‌ಪುಟ್ ಶಾಫ್ಟಿನ ಮೂತಿ ಅದರಾಗ ತಿರಗ್ತದ. ಕ್ಲಚ್ ಒತ್ತಿದಾಗ ಕ್ರ್ಯಾಂಕ್ ತಿರಗ್ತಿರಬೇಕು, ಇನ್‌ಪುಟ್ ಶಾಫ್ಟ್ ನಿಲ್ಲಬೇಕು, ನಡುವ ಈ ಬೇರಿಂಗ್. ಇದರ ಗ್ರೀಸ್ ಒಣಗಿ ತುಕ್ಕು ಹಿಡಿದು ಜಾಮ್ ಆದ್ರ ಕ್ಲಚ್ ಕಟ್ ಆದ್ರೂ ಕ್ರ್ಯಾಂಕ್ ಆ ಶಾಫ್ಟನ್ನ ಸೀದಾ ಎಳ್ಕೊಂಡೇ ಹೋಗ್ತದ. ಹೊರಗಿಂದ ನೋಡಿದ್ರ ಕ್ಲಚ್ ಛಲೋ ಅದ, ಬಾಕ್ಸ್ ಹಾಳಾಗ್ಯಾದ ಅನ್ನೋ ಹಂಗೇ ಕಾಣ್ತದ. ನಮಗ ರೇಟ್ ಹೇಳಿದ ಮಿಸ್ತ್ರಿ ತಪ್ಪಿದ್ದೂ ಇಲ್ಲೇ, ಅವರು ಪ್ಲೇಟ್ ನೋಡಿ ಬಿಟ್ಟದ ಅಂತ ನಿಲ್ಲಿಸಿದ್ರು.

ಇದಕ್ಕ ಬಾಕ್ಸ್ ಹಿಂದ ಸರಿಸಲೇಬೇಕು. ಪ್ರೊಪೆಲ್ಲರ್ ಶಾಫ್ಟ್ (ಬಾಕ್ಸಿನಿಂದ ಹಿಂದಿನ ಗಾಲಿ ಕಡಿ ಹೋಗೋ ಉದ್ದನ ಶಾಫ್ಟ್) ಬಿಚ್ಚುವಾಗ ಸುಣ್ಣದ ಕಡ್ಡಿಲೆ ಎರಡೂ ಫ್ಲ್ಯಾಂಜಿಗೆ ಗುರ್ತು ಮಾಡ್ರಿ, ಹೊಳ್ಳಿ ಹಂಗೇ ಕೂರ್ಸಲಾಕ. ಬಾಕ್ಸ್ ಭಾಳ ವಜ್ಜಿ, ಕೈಯಾಗ ಹಿಡಿಯೋದಲ್ಲ, ಟ್ರಾಲಿ ಜಾಕ್ ಇಲ್ಲಾ ಚೈನ್ ಪುಲ್ಲಿ ಬೇಕೇ ಬೇಕು. ಇಲ್ಲಿ ಒಂದು ಮಾತು ಮರೀಬ್ಯಾಡ್ರಿ: ಬೋಲ್ಟ್ ಬಿಚ್ಚಿದಮ್ಯಾಲೆ ಬಾಕ್ಸ್ ಹಿಂದಿನ ಭಾರ ಬಿಟ್ಟು ಇನ್‌ಪುಟ್ ಶಾಫ್ಟಿನ ಮ್ಯಾಲೇ ಜೋತು ಬೀಳ್ಲಾಕ ಬಿಡಬಾರದು. ಪೂರ್ತಿ ಭಾರ ಕ್ಲಚ್ ಪ್ಲೇಟಿನ ಹಬ್ಬಿಗೆ ಬಿದ್ದು ಪ್ಲೇಟ್ ಡೊಂಕಾಗ್ತದ. ಕೂರ್ಸುವಾಗಲೂ ಇದೇ ಮಾತು. ಎಷ್ಟೋ ಗಾಡಿ ರಿಪೇರಿ ಆಗಿ ಬಂದ ದಿನನೇ ಹೊಳ್ಳಿ ಕರ್ರ್ ಅನ್ನೋದು ಇದಕ್ಕೇ.

ಪೈಲಟ್ ಬೇರಿಂಗ್ ಬೆರಳಿಟ್ಟು ತಿರುಗಿಸಿದ್ರ ಮರಳು ತುಂಬಿದಂಗ ಇತ್ತು, ಅರ್ಧ ಸುತ್ತಿಗೆ ನಿಂತೇ ಬಿಟ್ಟಿತ್ತು. ಹೊಸಾದು ಕೂರ್ಸಿದ್ವಿ. ಜೋಡಿ ರಿಲೀಜ್ ಬೇರಿಂಗೂ ಬದಲಿ, ಬಾಕ್ಸ್ ಇಳಿಸೋ ಕೂಲಿ ಮುಂದ ಅದರ ರೊಕ್ಕ ಏನೂ ಅಲ್ಲ. ಇನ್‌ಪುಟ್ ಶಾಫ್ಟಿನ ಸ್ಪ್ಲೈನ್ (ಪ್ಲೇಟ್ ಕೂಡೋ ಉದ್ದುದ್ದ ಹಲ್ಲು) ಮ್ಯಾಗಿನ ತುಕ್ಕು ಬ್ರಶ್ಶಿಲೆ ತಿಕ್ಕಿ, ಬೆರಳಿಗೆ ಹತ್ತುವಷ್ಟೇ ಗ್ರೀಸ್ ಸವರಿ, ಪ್ಲೇಟ್ ಅದರ ಮ್ಯಾಗ ಹಿಂದ ಮುಂದ ತಡೆ ಇಲ್ಲದಂಗ ಜಾರ್ತದೋ ನೋಡ್ಕೊಂಡ್ವಿ. ಗ್ರೀಸ್ ಜಾಸ್ತಿ ಆದ್ರ ಸಿಡಿದು ಲೈನಿಂಗಿಗೆ ಹತ್ತಿ ಕ್ಲಚ್ ಸ್ಲಿಪ್ ಶುರುವಾಗ್ತದ.

ಬಾಕ್ಸಿನ ಎಣ್ಣಿ

ಬಾಕ್ಸ್ ಸರಿಸೂಕಿಂತ ಮೊದ್ಲೇ ಎಣ್ಣಿ ಇಳಿಸಿದ್ವಿ. ಜರಾ ಓಡ್ಸಿ ಬಿಸಿ ಮಾಡಿ ಇಳಿಸ್ರಿ, ಇಲ್ಲಂದ್ರ ತಳದಾಗಿನ ಪುಡಿ ತಳದಾಗೇ ಉಳೀತದ. ಬಿಳೇ ಧೋತರದ ತುಂಡಿನ ಮ್ಯಾಗ ಹಾಕಿ ಬಿಸಲಿಗೆ ಹಿಡಿದು ನೋಡ್ರಿ, ಆಮ್ಯಾಲೆ ಹಳೇ ಸ್ಪೀಕರಿನ ಅಯಸ್ಕಾಂತ ತಗೊಂಡು ಕೆಳಗಿಂದ ಆಡಿಸ್ರಿ. ಬೂದಿ ಬಣ್ಣದ ನಯವಾದ ರಾಡಿ ಡ್ರೇನ್ ಪ್ಲಗ್ಗಿಗೆ ಹತ್ತಿದ್ರ ಹೆದ್ರಬ್ಯಾಡ್ರಿ, ವಯಸ್ಸಾದ ಬಾಕ್ಸಿಗೆ ಅದು ಇರೋದೇ. ಉಗುರಿನ ತುದಿಯಷ್ಟು ಕಬ್ಬಿಣದ ಚೂರು ಸಿಕ್ರ ಹಲ್ಲು ಮುರದದ ಇಲ್ಲಾ ಬೇರಿಂಗ್ ಒಡದದ, ಗಾಡಿ ಓಡಿಸೋದು ಅಲ್ಲಿಗೇ ನಿಲ್ಲಿಸ್ರಿ. ಬಂಗಾರದಂಗ ಹೊಳೆಯೋ ಪುಡಿ ಇದ್ದು ಅದು ಅಯಸ್ಕಾಂತಕ್ಕ ಬರ್ತಿಲ್ಲ ಅಂದ್ರ ಹಿತ್ತಾಳಿ, ಅಂದ್ರ ಸಿಂಕ್ರೋ ರಿಂಗ್ ಇಲ್ಲಾ ಹಿತ್ತಾಳಿ ಬುಶ್ ಸವೀಲಾಕತ್ತಾವ. ನಮ್ ಧೋತರದ ತುಂಬ ಹಿತ್ತಾಳಿ ಹೊಳೀಲಾಕತ್ತಿತ್ತು.

ಎಣ್ಣಿ ಜಾತಿ ಬಗ್ಗೆ ಜರಾ ಬಿಡಿಸಿ ಹೇಳ್ತೀನಿ, ಯಾಕಂದ್ರ ಅಂಗಡಿಯಾಗ ಗೇರ್ ಆಯಿಲ್ ಕೊಡ್ರಿ ಅಂದ್ರ ಯಾವುದು ಕೈಗೆ ಸಿಗ್ತದ ಅದನ್ನೇ ಕೊಡ್ತಾರ. ಡಬ್ಬಿ ಮ್ಯಾಗ ಜಿಎಲ್-4, ಜಿಎಲ್-5 ಅಂತ ಬರದಿರ್ತದ. ಜಿಎಲ್-5 ಹಿಂದಿನ ಡಿಫರೆನ್ಷಿಯಲ್ಲಿಗೆ ಮಾಡಿದ್ದು, ಅದರಾಗ ಗಂಧಕ ರಂಜಕದ ಮಸಾಲಿ ಜಾಸ್ತಿ, ಬಿಸಿ ಆದಾಗ ಆ ಗಂಧಕ ಹಿತ್ತಾಳಿಯೊಳಗಿನ ತಾಮ್ರ ತಿನ್ನಬಹುದು, ಮತ್ತ ಭಾಳ ಜಾರೋದ್ರಿಂದ ಸಿಂಕ್ರೋ ರಿಂಗಿಗೆ ಹಿಡಿತ ಸಿಗಲ್ಲ. ರಿಂಗಿನ ಕೆಲಸನೇ ತಿಕ್ಕಿ ಹಿಡಿದು ಸ್ಪೀಡ್ ಕೂಡ್ಸೋದು, ಅಲ್ಲಿ ಜಾರಿದ್ರ ಹೆಂಗ? ಹಿತ್ತಾಳಿ ರಿಂಗಿನ ಹಳೇ ಬಾಕ್ಸಿಗೆ ಜಿಎಲ್-4ರ 90 ನಂಬರ್ ಇಲ್ಲಾ 80ಡಬ್ಲ್ಯು-90, ನಿಮ್ಮ ಮ್ಯಾನ್ಯುಯಲ್ ಏನ್ ಹೇಳ್ತದ ನೋಡ್ಕೊಂಡು. ಕಲಬುರಗಿ ಬ್ಯಾಸಗಿ ನೋಡಿ, 40 ಡಿಗ್ರಿ ದಾಟ್ತದ, ಎಣ್ಣಿ ನೀರಾಗ್ತದ ಅಂತ 140 ನಂಬರಿನ ದಪ್ಪ ಎಣ್ಣಿ ಹಾಕೋ ರೂಢಿ ಅದ. ಸಪ್ಪಳ ಜರಾ ಮುಚ್ಚಿಹೋಗ್ತದ ಖರೆ, ಆದ್ರ ಚಳಿಗಾಲದ ಮುಂಜಾನಿ ಅದೇ ಗಾಡಿ ತಗೊಂಡು ಬೀದರ್ ಕಡಿ ಹೊಂಟ್ರ ಮೊದಲ ಹತ್ತು ಕಿಲೋಮೀಟರ್ ಗೇರೇ ಬೀಳಲ್ಲ, ದಪ್ಪ ಎಣ್ಣಿನ ರಿಂಗ್ ಕೊಯ್ದು ಗೇರಿನ ಕೋನಿಗೆ (ರಿಂಗ್ ಬಂದು ಹಿಡಿಯೋ ಇಳಿಜಾರು ಮುಖ) ಮುಟ್ಟಲಾಕ ಹೊತ್ತು ಬೇಕು. ಮುಂಜಾನಿ ಕರ್ರ್, ಬಿಸಿ ಆದಮ್ಯಾಲೆ ಛಲೋ ಅಂದ್ರ ಮೊದ್ಲ ಎಣ್ಣಿ ನೋಡ್ರಿ. ಲೆವಲ್ ಬಾಜು ಪ್ಲಗ್ಗಿನ ಅಂಚಿನ ತನಕ, ಗಾಡಿ ಸಪಾಟ ನಿಂತಾಗ.

ಉಳಿದಿದ್ದು ಥರ್ಡ್

ಪೈಲಟ್ ಹಾಕಿ ಗಾಡಿ ಹೊರಗ ತೆಗ್ದ್ವಿ. ಹತ್ತು ಎಣಿಸೋದು ಬ್ಯಾಡ, ಐದಕ್ಕೇ ರಿವರ್ಸ್ ಸುಮ್ನ ಬಿತ್ತು. ಅಪ್ಪ ಕೋಲು ಊರ್ಕೊಂಡು ಬಾಜು ನಿಂತಿದ್ದ, ಏನೂ ಅನ್ನಲಿಲ್ಲ, ಬಾಗಿಲು ತೆಗ್ದು ಒಳಗ ಕೂತ. ಸೇಡಂ ರೋಡಿಗೆ ಒಂದು ಸುತ್ತು ಹೋದ್ವಿ. ಎಲ್ಲಾ ಗೇರ್ ಬೆಣ್ಣಿ, ಆದ್ರ ಫೋರ್ತಿಂದ ಥರ್ಡಿಗೆ ಇಳಸುವಾಗ ಮಾತ್ರ ಕರ್ರ್. ಡಬಲ್ ಕ್ಲಚ್ ಮಾಡಿದ್ರ ಇಲ್ಲ. "ಇದು ಈಗ ಬಾಕ್ಸಿಂದೇ" ಅಂದ ಅಪ್ಪ. ಧೋತರದಾಗಿನ ಹಿತ್ತಾಳಿಗೂ ಅದು ಹೊಂದ್ತಿತ್ತು. ಬಾಕ್ಸ್ ಕೆಳಗಿದ್ದಾಗಲೇ ಒಳಗ ನೋಡ್ಬೇಕಿತ್ತು, ಹಿತ್ತಾಳಿ ಕಂಡವರು ನೀವು ಅಲ್ಲೇ ತೆಗ್ದುಬಿಡ್ರಿ, ಎರಡು ಸಲ ಇಳಿಸೋ ಕೂಲಿ ಉಳೀತದ.

ಮ್ಯಾಗಿನ ಕವರ್ ತೆಗೆಯುವಾಗ ನ್ಯೂಟ್ರಲ್‌ನಾಗ ಇರಲಿ, ಗೋಲಿ ಸ್ಪ್ರಿಂಗ್ ಜಿಗಿದು ಹೋಗ್ತಾವ, ಬಟ್ಟಿ ಮುಚ್ಚಿ ತೆಗೀರಿ. ಫೋರ್ಕಿನ ತುದಿ ಸವದಿದ್ರ ಸ್ಲೀವ್ (ಫೋರ್ಕ್ ಸರಿಸಿ ಗೇರಿಗೆ ಕೂಡಿಸೋ ಬಳಿ) ಪೂರ್ತಿ ಸರಿಯಲ್ಲ, ಅದೂ ನೋಡ್ಕೋರಿ. ಆಮ್ಯಾಲೆ ಮೇನ್ ಶಾಫ್ಟ್ ಬಿಚ್ಚೋ ಕೆಲಸ, ಇದನ್ನ ಮೊದ್ಲ ಸಲ ಮಾಡೋರು ಒಬ್ಬರೇ ಮಾಡ್ಲಾಕ ಹೋಗಬ್ಯಾಡ್ರಿ, ಬಿಚ್ಚಿದ ಸಾಮಾನ ಬಿಚ್ಚಿದ ಸಾಲಿನ್ಯಾಗೇ ಒಂದು ಹಾಸಿನ ಮ್ಯಾಗ ಇಡ್ರಿ, ಒಂದೊಂದಕ್ಕ ಫೋಟೋ ತೆಗೀರಿ, ತೆಳುವಾದ ಶಿಮ್ಮುಗಳು ಯಾವ ಕಡಿ ಎಷ್ಟ್ ಇದ್ವು ಅಂತ ಬರಕೋರಿ.

ರಿಂಗಿನ ಒಳಗ ಸಣ್ಣ ಸಣ್ಣ ಗೆರೆ ಇರ್ತಾವ, ಸ್ಕ್ರೂ ಚುಡಿ ಇದ್ದಂಗ. ಎಣ್ಣಿ ಪೊರೆ ಕೊಯ್ಯೋದೇ ಅವು. ಥರ್ಡ್ ರಿಂಗಿನ ಗೆರೆ ಬೆರಳಿಗೆ ಹತ್ತದಷ್ಟು ನುಣ್ಣಗ ಆಗಿತ್ತು, ಫೋರ್ತಿಂದು ಇನ್ನಾ ಚೂಪ. ಎಣ್ಣಿ ಒರೆಸಿ ರಿಂಗನ್ನ ಗೇರಿನ ಕೋನಿನ ಮ್ಯಾಗ ಇಟ್ಟು ಒತ್ತಿ ತಿರುವಿದ್ರ ಛಲೋ ರಿಂಗ್ ಗಪ್ಪನ ಹಿಡೀತದ, ಸವದಿದ್ದು ಜಾರ್ತದ. ರಿಂಗಿಗೂ ಗೇರಿನ ಮುಖಕ್ಕೂ ನಡುವಿನ ಸಂದಿನ್ಯಾಗ ಮೂರು ನಾಲ್ಕು ಕಡಿ ಫೀಲರ್ ಗೇಜ್ ಹಾಕಿ ಅಳೆದು, ಹೊಸಾ ರಿಂಗ್ ಅದೇ ಕೋನಿನ ಮ್ಯಾಗ ಇಟ್ಟು ಎರಡನ್ನೂ ಹೋಲಿಸಿ ನೋಡ್ರಿ. ಸವದ ರಿಂಗ್ ಒಳಗ ಒಳಗ ಹೋಗಿ ಕಡೀಕ ಗೇರಿಗೇ ತಾಗಿಬಿಡ್ತದ, ಆವಾಗ ಎಷ್ಟ್ ಒತ್ತಿದ್ರೂ ಹಿಡಿಯಲ್ಲ.

ರಿಂಗ್ ಒಂದೇ ಬದಲಿ ಮಾಡಿ ಮುಚ್ಚಬ್ಯಾಡ್ರಿ, ಗೇರಿನ ಬಾಜು ಇರೋ ಸಣ್ಣ ಚೂಪು ಹಲ್ಲುಗಳನ್ನ ನೋಡ್ರಿ, ಸ್ಲೀವ್ ಬಂದು ಕೂಡೋದು ಅವಕ್ಕೇ. ತುದಿ ಚೂಪ ಇರಬೇಕು. ವರ್ಷಗಟ್ಲೆ ಕರ್ರ್ ಅಂದು ತುದಿ ಮೊಂಡ ಆಗಿದ್ರ ಹೊಸಾ ರಿಂಗ್ ಹಾಕಿದ್ರೂ ಸಪ್ಪಳ ಉಳೀತದ, ಮುಂದ ಗೇರ್ ಜಾರೋದೂ ಶುರುವಾಗ್ತದ, ಆವಾಗ ಗೇರು ಸ್ಲೀವು ಎರಡೂ ಬದಲಿ ಮಾಡ್ಬೇಕಾಗ್ತದ. ನಮ್ವು ಜರಾ ಮೊಂಡ ಆಗಿದ್ವು, ಚಾಚಾ ಬಿಸಲಿಗೆ ಹಿಡಿದು ಭಾಳ ಹೊತ್ತು ನೋಡಿ, ನಡೀತಾವ ಅಂದ್ರು. ರಿಂಗ್ ಒಂದು, ಗ್ಯಾಸ್ಕೆಟ್, ಎರಡು ಸೀಲು, ಹೊಸಾ ಎಣ್ಣಿ, ಇಷ್ಟೇ ಖರ್ಚು ಆದದ್ದು.

ಮೊದಲ 500 ಕಿಲೋಮೀಟರಿಗೆ ಎಣ್ಣಿ ಇಳಿಸಿ ಹೊಳ್ಳಿ ಅದೇ ಧೋತರ, ಅದೇ ಅಯಸ್ಕಾಂತ. ಹೊಸಾ ರಿಂಗ್ ಕೂತುಕೊಳ್ಳುವಾಗ ಹಿತ್ತಾಳಿ ಜರಾ ಕಂಡ್ರ ನಡೀತದ, ಎರಡನೇ ಸಲಕ್ಕ ಕಾಣಬಾರದು, ನಮಗ ಕಾಣಲಿಲ್ಲ. ಫ್ರೀ ಪ್ಲೇ ತಿಂಗಳಿಗೊಮ್ಮೆ ಸ್ಕೇಲಿಟ್ಟು ಅಳೀತೀನಿ, ಪ್ಲೇಟ್ ಸವದಂಗ ಅದು ತಾನೇ ಕಡಿಮಿ ಆಗ್ತಾ ಬರ್ತದ. ಅಡ್ಡ ಶಾಫ್ಟಿನ ಬುಶ್ಶಿಗೆ ಗ್ರೀಸ್ ಹೊಡೆಯೋ ಕೆಲಸ ಅಪ್ಪನೇ ಇಟ್ಕೊಂಡಾನ, ಕೆಳಗ ಬಗ್ಗಲಾಕ ಬರಲ್ಲ, ಗನ್ನಿನ ಪೈಪ್ ಉದ್ದ ಮಾಡಿ ಕೊಟ್ಟೀನಿ, ಸ್ಟೂಲ್ ಹಾಕ್ಕೊಂಡು ಕೂತು ಹೊಡೀತಾನ.